ನಮ್ಮ ಮನೆಯ ಕಾಳಿ

ನಮ್ಮ ಮನೆಯ ನಾಯಿಯ ಹೆಸರು ಕಾಳಿ. ಅದರ ಬಣ್ಣ ಮಾತ್ರ ಕೆನೆಯದು. ಬೆನ್ನಿನ ಮೇಲೆ ಅಂಗೈಯಗಲದ ಒಂದು ಕಂದು ಮಚ್ಚೆಯುಂಟು. ಕಪ್ಪು ಎಂದು ಹೇಳಬಹುದಾದದ್ದು ಮೂಗಿನ ತುದಿಯೊಂದೇ. ನಾವು ವಾಸಿಸುವುದು ಅಹಮದಾಬಾದಿನ ನಾರಣಪುರದ ಒಂದು ಸೊಸಾಯಟಿಯಲ್ಲಿ. ಗುಜರಾತಿಯಲ್ಲಿಯೂ ‘ಕಾಳೀ’ ಎಂದರೆ ಕಪ್ಪು ಬಣ್ಣದವಳು ಎಂದೇ ಅರ್ಥವಾದುದರಿಂದ, ಈ ಹೆಸರನ್ನು ಕೇಳಿ ನಗದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಎದುರುಮನೆಯಲ್ಲಿ ಒಬ್ಬ ವೃದ್ಧೆ ಇದ್ದಾರೆ. ಅವರನ್ನು ಎಲ್ಲರೂ ‘ಬಾ’ ಎಂದು ಕರೆಯುತ್ತಾರೆ; ತಾಯಿಯನ್ನೂ ಅಜ್ಜಿಯನ್ನೂ ಇಲ್ಲಿಯವರು ಕರೆಯುವುದು ಹೀಗೆಯೇ. ಮರಿಯನ್ನು ತಂದ ದಿನ ಅವರು ಅದನ್ನು ಎತ್ತಿ ಬಿಸಿಲಿಗೆ ಹಿಡಿದು, ಕನ್ನಡಕವನ್ನು ಸರಿಪಡಿಸಿಕೊಂಡು, “ಆ ಕಾಳೀ ಕ್ಯಾಂ? ಆ ತೋ ಧೋಳೀ ಛೇ!” ಎಂದರು. ಇದೆಲ್ಲಿಯ ಕರಿಯಳು, ಇವಳು ಬಿಳಿಯಳಲ್ಲವೇ ಎಂದು.

ಹೆಸರಿಟ್ಟವಳು ನನ್ನ ಮಗಳು. ಆದರೆ ಅದಕ್ಕೆ ಕಾರಣನಾದವನು ನಾನು. ರಜೆಗೆ ಮುಂಚಿನ ವಾರವಷ್ಟೇ ಅವಳ ತರಗತಿಗೆ ಆತಕೂರಿನ ಶಾಸನದ ವೃತ್ತಾಂತವನ್ನು ಹೇಳಿದ್ದೆ. ಅದನ್ನು ಕೇಳದಿರುವ ಕಿರಿಯರಿಗಾಗಿ ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಘೋರವಾದ ಕಾಳಗವಾಯಿತು. ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನಿದ್ದ. ಬೂತುಗನ ಕಡೆಯಲ್ಲಿ ಮಣಲೇರನೆಂಬ ವೀರನಿದ್ದ. ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೋ ಎಂದನಂತೆ. ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟ. ಇದು ನಡೆದದ್ದು 949–50ರ ಸುಮಾರಿನಲ್ಲಿ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಸಿಗೆಯಲ್ಲಿ ಊರಿಗೆ ಹೋಗುವವರು ನೋಡಿ ಬರಬಹುದು. ಹಂದಿಯೂ ನಾಯಿಯೂ ಸೆಣಸುತ್ತಿರುವುದನ್ನು ಅದರ ಮೇಲೆ ಕೆತ್ತಿದ್ದಾರೆ.

ಇಂಥ ಹೆಸರನ್ನು ಹೊತ್ತ ನಮ್ಮ ಕಾಳಿ ನಮ್ಮಲ್ಲಿಗೆ ಬಂದದ್ದು 2022ರ ದೀಪಾವಳಿಯ ರಜೆಯಲ್ಲಿ. ನನ್ನ ಅಣ್ಣ ಮುಧೋಳದ ಸಮೀಪದ ಹಳ್ಳಿಯಲ್ಲಿ ಕಬ್ಬಿನ ಬೇಸಾಯ ಮಾಡಿಕೊಂಡಿದ್ದಾನೆ. ಪಕ್ಕದ ಹೊಲದವರ ಮನೆಯಲ್ಲಿ ಒಂದು ಶುದ್ಧವಾದ ಮುಧೋಳದ ಗಂಡುನಾಯಿ. ಅಣ್ಣನ ಹಟ್ಟಿಯ ಮುಂದೆ ಬಿದ್ದುಕೊಂಡಿರುತ್ತಿದ್ದುದು, ಯಾರದೆಂದು ಯಾರೂ ಹೇಳಲಾರದ ಒಂದು ಬೀದಿಯ ಹೆಣ್ಣು. ಇವೆರಡರ ಮಕ್ಕಳು ಐದು. ನಾಲ್ಕನ್ನು ಊರವರು ಕೊಂಡೊಯ್ದಿದ್ದರು; ಉಳಿದಿದ್ದ ಮರಿಯ ಒಂದು ಕಿವಿ ನೆಟ್ಟಗೆ ನಿಂತಿತ್ತು, ಇನ್ನೊಂದು ಮಡಿಚಿಕೊಂಡಿತ್ತು. ನನ್ನ ಮಕ್ಕಳಿಬ್ಬರೂ ಅದನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದರು. ಅಣ್ಣ ಸ್ವಲ್ಪ ಹೊತ್ತು ಮಾತಾಡದೆ ಎಲೆಯಡಿಕೆ ಹಾಕಿಕೊಂಡು, ಆಮೇಲೆ ಹೇಳಿದ:

“ಒಯ್ಯೂದಾದ್ರ ಒಯ್ಯಿ, ತಮ್ಮಾ. ಆದ್ರ ಇದು ಕಟ್ಟಿ ಹಾಕೂ ನಾಯಿ ಅಲ್ಲ, ಓಡೂ ನಾಯಿ. ನಿಮ್ಮ ಊರಾಗ ಇದಕ್ಕ ಓಡಾಕ ಜಾಗಾ ಎಲ್ಲೈತಿ?”

ಅಹಮದಾಬಾದು ಸಣ್ಣ ಊರಲ್ಲ ಎಂದು ನಾನು ಉತ್ತರ ಕೊಟ್ಟೆ. ಈಗ ನೆನೆದರೆ ನನಗೇ ನಗು ಬರುತ್ತದೆ.

ಮರಿಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ರೈಲ್ವೆಗೆ ಕಟ್ಟಬೇಕಾದ ಹಣವನ್ನು ಕಟ್ಟಿ, ಬೆಳಗಾವಿಯಲ್ಲಿ ಅಜ್ಮೀರದ ಗಾಡಿಯನ್ನು ಹತ್ತಿದೆವು. ಮಿರಜ ದಾಟಿತು, ಪುಣೆ ದಾಟಿತು. ಮರಿ ಹಾಲನ್ನು ಮುಟ್ಟಲಿಲ್ಲ, ಅನ್ನವನ್ನು ಮೂಸಲಿಲ್ಲ. ಕೊನೆಗೆ ಸೂರತ್ತಿನಲ್ಲಿ ಹತ್ತಿದ ಒಬ್ಬ ಗೃಹಸ್ಥರು ತಿನ್ನುತ್ತಿದ್ದ ಖಮಣದ ಚೂರೊಂದು ಕೆಳಗೆ ಬಿದ್ದಿತು. ಅದನ್ನು ತಿಂದು, ಇನ್ನೊಂದು ಬೀಳುವುದೆಂದು ಅವರ ಮುಖವನ್ನೇ ನೋಡುತ್ತ ಕುಳಿತಿತು. ಗುಜರಾತಿನ ಅನ್ನದ ಋಣ ಅದಕ್ಕೆ ಬಿದ್ದದ್ದು ಅಲ್ಲಿ.

ಮುಧೋಳದ ನಾಯಿಯೆಂದರೆ ನಮ್ಮ ಕಡೆಯವರಿಗೆ ಅಭಿಮಾನ ಸ್ವಲ್ಪ ಹೆಚ್ಚು. ಅಲ್ಲಿ ಘೋರ್ಪಡೆ ಮನೆತನದವರು ಆಳುತ್ತಿದ್ದರು. ಬೇಡರು ಬೇಟೆಗೆ ಸಾಕಿಕೊಂಡಿದ್ದ ಈ ನಾಯಿಗಳನ್ನು ರಾಜಾ ಮಾಲೋಜಿರಾಯರು ಕಂಡು, ಅವುಗಳ ತಳಿಯನ್ನು ಅರಮನೆಯ ಆಶ್ರಯದಲ್ಲಿ ಬೆಳೆಸಿದರೆಂದೂ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರೆಂದೂ ಮುಧೋಳದವರು ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಕಾರವಾನಿ ಎಂಬ ಹೆಸರುಂಟು. 2005ರಲ್ಲಿ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅದರಲ್ಲಿ ಮುಧೋಳಕ್ಕೂ ಸ್ಥಾನ ದೊರೆಯಿತು. 2016ರಲ್ಲಿ ಭೂಸೇನೆಯವರು ಕೆಲವು ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕೊಂಡೊಯ್ದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಯ ರಕ್ಷಣೆಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಇನ್ನು ಮುಧೋಳವೆಂದರೆ ಕವಿಚಕ್ರವರ್ತಿ ರನ್ನನ ಮುದುವೊಳಲು. ರನ್ನನು ಹುಟ್ಟಿದ್ದು 949ರಲ್ಲಿ. ಆತಕೂರಿನ ಕಾಳಿ ಸತ್ತದ್ದು ಸರಿಸುಮಾರು ಆ ಕಾಲದಲ್ಲಿಯೇ. ಇದರಿಂದ ಏನು ಸಿದ್ಧವಾಯಿತು ಎಂದು ನೀವು ಕೇಳಬಹುದು. ಏನೂ ಇಲ್ಲ. ಪಾಠ ಹೇಳುವವರಿಗೆ ಇಂಥ ಕಾಕತಾಳೀಯಗಳಲ್ಲಿ ಒಂದು ಸಂತೋಷ, ಅಷ್ಟೆ.

ಈ ಅಭಿಮಾನಕ್ಕೆ ಮೊದಲ ಪೆಟ್ಟು ಬಿದ್ದದ್ದು ಪಶುವೈದ್ಯರ ಕೊಠಡಿಯಲ್ಲಿ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಹೋಗಿದ್ದೆವು. ವೈದ್ಯರು ಪುಸ್ತಕವನ್ನು ತೆರೆದು, ಹೆಸರು, ವಯಸ್ಸು ಬರೆದು, “ತಳಿ?” ಎಂದರು. ನಾನು ಗಂಭೀರವಾಗಿ “ಮುಧೋಳ” ಎಂದೆ. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ವೈದ್ಯರು ಮಡಿಚಿದ್ದ ಕಿವಿಯನ್ನು ಬೆರಳಿನಿಂದ ಎತ್ತಿ, ಬಿಟ್ಟು, “ಮಿಶ್ರ” ಎಂದು ಬರೆದುಕೊಂಡರು. ಅನಂತರ ಮರಿಯ ಎದೆಯನ್ನೂ ಹಿಂಗಾಲನ್ನೂ ತಡವಿ, “ಆದರೆ ಇದರ ತಂದೆ ಓಡುವ ಜಾತಿಯವನು, ಅದರಲ್ಲಿ ಸಂದೇಹವಿಲ್ಲ. ಹಗ್ಗ ಗಟ್ಟಿಯಾಗಿರಲಿ” ಎಂದರು. ಮೊದಲ ಮಾತಿನಿಂದ ನೊಂದಿದ್ದ ನಾನು ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಯಿಯನ್ನು ಸಾಕಿದವರೆಲ್ಲ ನಾಯಿಯ ವಿಷಯವನ್ನು ಬಲ್ಲರೆಂದು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ನಾಯಿಯೆಂದರೆ ಅಪರಿಚಿತರನ್ನು ಕಂಡು ಬೊಗಳಬೇಕು. ಎಸೆದ ಚೆಂಡನ್ನು ತಂದುಕೊಡಬೇಕು. ಹೆಸರು ಹಿಡಿದು ಕರೆದರೆ ಓಡಿ ಬರಬೇಕು. ಕಾಳಿ ಈ ಮೂರರಲ್ಲಿ ಒಂದನ್ನೂ ಸರಿಯಾಗಿ ಮಾಡಲಿಲ್ಲ. ಹಾಲಿನವನು ಬಂದರೆ ಒಂದು ಕಣ್ಣನ್ನು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಚೆಂಡನ್ನು ಎಸೆದರೆ ಬಾಣದಂತೆ ಹೋಗುತ್ತಿತ್ತು. ಚೆಂಡು ನಿಂತ ಕೂಡಲೇ ಅದರ ಉತ್ಸಾಹವೂ ನಿಲ್ಲುತ್ತಿತ್ತು. ನಿಂತ ಚೆಂಡಿನ ಮುಂದೆ, ತಾನು ಏಕೆ ಬಂದೆನೆಂಬುದನ್ನು ಮರೆತ ಮುದುಕರಂತೆ, ಸ್ವಲ್ಪ ಹೊತ್ತು ನಿಂತು ಬರಿಗೈಯಲ್ಲಿ (ಬರಿಬಾಯಲ್ಲಿ ಎನ್ನಬೇಕು) ಹಿಂದಿರುಗುತ್ತಿತ್ತು. ನಾನು ಇದನ್ನು ದಡ್ಡತನವೆಂದೆ. ಮಗನು ಇದನ್ನು ಜಂಬವೆಂದ.

ಎರಡೂ ಅಲ್ಲವೆಂದು ತಿಳಿಯಲು ಬಹಳ ಕಾಲ ಬೇಕಾಯಿತು. ನಾಯಿಗಳಲ್ಲಿ ಮೂಗಿನಿಂದ ಬೇಟೆಯಾಡುವ ಜಾತಿಗಳಿವೆ, ಕಣ್ಣಿನಿಂದ ಬೇಟೆಯಾಡುವ ಜಾತಿಗಳಿವೆ. ಮುಧೋಳದ್ದು ಎರಡನೆಯ ಪಂಗಡಕ್ಕೆ ಸೇರಿದ್ದು. ಅದರ ತಲೆ ನೀಳವಾಗಿ ಕಿರಿದು. ಕಣ್ಣುಗಳು ಆ ತಲೆಯ ಎರಡು ಪಕ್ಕಗಳಿಗೆ ಸರಿದು ನಿಂತಿರುವುದರಿಂದ, ನಾವು ಕತ್ತು ತಿರುಗಿಸಿ ನೋಡಬೇಕಾದುದನ್ನು ಅದು ತಿರುಗಿಸದೆಯೇ ಕಾಣುತ್ತದೆ. ಆದರೆ ಆ ಕಣ್ಣು ಹುಡುಕುವುದು ವಸ್ತುವನ್ನಲ್ಲ, ಚಲನೆಯನ್ನು. ಕಾಲಿನ ಬಳಿ ಬಿದ್ದ ರೊಟ್ಟಿಯ ಚೂರು ಎಷ್ಟೋ ಸಲ ಅದಕ್ಕೆ ಕಾಣುತ್ತಿರಲಿಲ್ಲ. ಬೀದಿಯ ಕೊನೆಯ ಬೇವಿನ ಮರದಲ್ಲಿ ಅಳಿಲೊಂದು ಬಾಲವನ್ನು ಕುಣಿಸಿದರೆ ಇಲ್ಲಿ ಅದರ ಮೈಯೆಲ್ಲ ಬಿಲ್ಲಿನಂತೆ ಬಿಗಿಯುತ್ತಿತ್ತು. 2023ರ ಉತ್ತರಾಯಣದಂದು ನಾವೆಲ್ಲ ತಾರಸಿಯ ಮೇಲಿದ್ದೆವು. ಅಹಮದಾಬಾದಿನ ಆ ದಿನವನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಕಾಳಿ ಊಟವನ್ನೂ ಮರೆತು ಕತ್ತನ್ನು ಮೇಲೆತ್ತಿ ಆಕಾಶವನ್ನು ನೋಡುತ್ತ ಸಂಜೆಯವರೆಗೆ ನಿಂತಿತ್ತು. ಗಾಳಿಪಟಗಳೆಲ್ಲ ಅದಕ್ಕೆ ಹಕ್ಕಿಗಳಾಗಿದ್ದುವೋ ಏನೋ. ಕತ್ತಲಾದ ಮೇಲೆ ಕತ್ತು ನೋಯುತ್ತಿದ್ದಿರಬೇಕು. ನನ್ನ ಹೆಂಡತಿ ಎಣ್ಣೆ ಹಚ್ಚಿ ನೀವಿದಳು.

ತಾಯಿಯ ಕಡೆಯ ಗುಣಗಳು ಬೇರೆ. ಅವು ನಿಧಾನವಾಗಿ ಹೊರಬಿದ್ದುವು. ಬೀದಿಯ ನಾಯಿಗಳೊಡನೆ ಜಗಳವಾಡದೆ ಹೊಂದಿಕೊಂಡು ಹೋಗುವ ಜಾಣ್ಮೆ. ಯಾರ ಮನೆಯ ಅಡಿಗೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂಬ ಲೆಕ್ಕ. ಮಂಗಗಳ ದಂಡು ಬಂದರೆ ಎದುರಿಸದೆ ಮಂಚದ ಕೆಳಗೆ ಸೇರಿಕೊಳ್ಳುವ ವಿವೇಕ. ನಮ್ಮ ಬಡಾವಣೆಯ ಕರಿಮೂತಿಯ ಮುಸುವಗಳನ್ನು ಕಂಡವರಿಗೆ ಇದು ಹೇಡಿತನವೆಂದು ತೋರದು. ತಂದೆಯಿಂದ ಬಂದ ಚರ್ಮವು ತೆಳು, ಕೊಬ್ಬು ಕಡಿಮೆ. ಪುಷ್ಯಮಾಸದ ಚಳಿಗೆ ನಡುಗುತ್ತಿದ್ದ ಅದಕ್ಕೆ ಮಗಳ ಹಳೆಯ ಸ್ವೆಟರನ್ನು ತೊಡಿಸಿದೆವು. ಬೇಸಿಗೆಯ ಕಥೆ ಇನ್ನೊಂದು. 2016ರ ಮೇ ತಿಂಗಳಲ್ಲಿ 48 ಡಿಗ್ರಿಯನ್ನು ಮುಟ್ಟಿದ ಊರು ಇದು. ಬೆಳಗಿನ ಐದು ಗಂಟೆಗೆ ಅಲ್ಲದೆ ಡಾಂಬರಿನ ಮೇಲೆ ಕಾಲಿಡುವ ಹಾಗಿಲ್ಲ. ಹೀಗೆ ನಲವತ್ತು ವರ್ಷ ಏಳುಗಂಟೆಗೆ ಏಳುತ್ತಿದ್ದ ನಾನು ನಾಯಿಯ ದೆಸೆಯಿಂದ ಬ್ರಾಹ್ಮೀ ಮುಹೂರ್ತದಲ್ಲಿ ಏಳುವವನಾದೆ.

ಆ ಹೊತ್ತಿನಲ್ಲಿ ಸಾಬರಮತಿಯ ದಂಡೆಯ ಮೇಲೆ ನಡೆಯುವಾಗ ಮಕ್ಕಳಿಗೆ ಈ ಊರಿನ ಕಥೆಯನ್ನು ಹೇಳುತ್ತಿದ್ದೆ. ಸುಲ್ತಾನ್ ಅಹಮದ್ ಷಾ ಈ ನದಿಯ ದಂಡೆಯಲ್ಲಿ ಬೇಟೆಯಾಡುತ್ತಿದ್ದಾಗ ಒಂದು ಮೊಲ ಅವನ ನಾಯಿಗಳ ಮೇಲೆಯೇ ತಿರುಗಿ ಬಿದ್ದಿತೆಂದೂ, ಇಂಥ ಗಂಡುಮೆಟ್ಟಿನ ನೆಲದಲ್ಲಿ ಊರು ಕಟ್ಟಬೇಕೆಂದು 1411ರಲ್ಲಿ ಅಹಮದಾಬಾದನ್ನು ಕಟ್ಟಿಸಿದನೆಂದೂ ಇಲ್ಲಿಯ ಪ್ರತೀತಿ. ಹಂಪಿಯನ್ನು ಬಲ್ಲ ಮಕ್ಕಳು ಸುಮ್ಮನಿರುತ್ತಾರೆಯೆ? ತುಂಗಭದ್ರೆಯ ದಡದಲ್ಲಿ ಹಕ್ಕಬುಕ್ಕರ ನಾಯಿಗಳ ಮೇಲೆ ಮೊಲ ತಿರುಗಿ ಬಿದ್ದದ್ದು, ವಿದ್ಯಾರಣ್ಯರು ಅಲ್ಲಿಯೇ ವಿಜಯನಗರವನ್ನು ಕಟ್ಟಿಸಿದ್ದು, ಅದು 1336ರಲ್ಲಿ! ಆದುದರಿಂದ ಅಹಮದಾಬಾದಿನವರು ಮೊಲವನ್ನು ನಮ್ಮಿಂದಲೇ ಕಡ ತೆಗೆದುಕೊಂಡರೆಂದು ನನ್ನ ಮಗ ತೀರ್ಪು ಕೊಟ್ಟ. ಕಥೆಗಳು ಊರುಗಳ ಹಾಗೆ ಒಂದು ದಿನ ಹುಟ್ಟುವುದಿಲ್ಲ, ಇಂಥ ಮೊಲ ಇನ್ನೂ ಕೆಲವು ಊರುಗಳಿಗಿದೆ ಎಂದು ಹೇಳಿದರೂ ಅವನು ಒಪ್ಪಲಿಲ್ಲ. ನನಗಿದ್ದ ಆಕ್ಷೇಪಣೆ ಬೇರೆ. ನಾಯಿಯ ಮೇಲೆ ತಿರುಗಿ ಬೀಳುವ ಮೊಲವೆಂಬುದು ಎಲ್ಲಿಯಾದರೂ ಉಂಟೆ? ಮುಂದೆ ಓಡುತ್ತಿರುವ ಕಾಳಿಯನ್ನು ನೋಡಿದರೆ ಕಥೆ ಕಟ್ಟಿದವರು ಬೇಟೆನಾಯಿಯನ್ನು ಕಂಡವರಲ್ಲವೆಂದು ತೋರುತ್ತಿತ್ತು.

ಇನ್ನು ಬಾ ಅವರ ವಿಷಯ. ಅವರು ದಿನವೂ ಸಂಜೆ ಒಂದು ರೋಟಲೋ ಹೆಚ್ಚಾಗಿ ತಟ್ಟುತ್ತಿದ್ದರು. ರೋಟಲೋ ಎಂದರೆ ಸಜ್ಜೆಯ ರೊಟ್ಟಿ; ಬಿಜಾಪುರದ ಕಡೆಯವರು ನೋಡಿದರೆ ಇದು ನಮ್ಮದೇ ಎನ್ನುವರು. ಅದರ ಅರ್ಧ ಬೀದಿಯ ನಾಯಿಗಳಿಗೆ, ಅರ್ಧ ಕಾಳಿಗೆ. ಕಾಂಪೌಂಡಿನ ಗೋಡೆಯ ಮೇಲೆ ಇಟ್ಟು ‘ಧೋಳೀ’ ಎಂದು ಕೂಗುವರು. ನಾನು ಹತ್ತು ಸಲ ಕರೆದರೂ ಬಾರದ ನಾಯಿ ತನ್ನದಲ್ಲದ ಆ ಹೆಸರಿಗೆ ಓಡಿ ಹೋಗುವುದು. ಬಾ ಅವರ ಮನೆಯಲ್ಲಿ ಒಂದು ಬೂದುಬಣ್ಣದ ಬೆಕ್ಕಿತ್ತು. ಗಂಡ ತೀರಿಕೊಂಡ ವರ್ಷ ಅದು ಮಳೆಯಲ್ಲಿ ನೆನೆದುಕೊಂಡು ಅವರ ಮನೆಗೆ ಬಂದಿತ್ತಂತೆ. ಒಂಬತ್ತು ವರ್ಷದಿಂದ ಅದು ಅವರ ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗುತ್ತಿತ್ತು. ಕಾಳಿ ಬಂದ ಮೇಲೆ ಅದು ಕಿಟಕಿಯಲ್ಲಿ ಕುಳಿತು ನೋಡುವುದೇ ಹೊರತು ಕೆಳಕ್ಕೆ ಇಳಿಯುತ್ತಿರಲಿಲ್ಲ. ಬೆಕ್ಕಿಗೆ ತಿಳಿದಿದ್ದಷ್ಟು ನನಗೆ ತಿಳಿದಿರಲಿಲ್ಲ.

2024ರ ಉತ್ತರಾಯಣಕ್ಕೆ ವಡೋದರೆಯಿಂದ ನನ್ನ ಷಡ್ಡಕರು ಸಂಸಾರಸಮೇತರಾಗಿ ಬಂದಿದ್ದರು. ಅವರ ಮನೆಯಲ್ಲಿ ವಂಶಾವಳಿಯ ಪತ್ರವುಳ್ಳ ಲ್ಯಾಬ್ರಡಾರ್ ನಾಯಿಯಿದೆ. ಕಾಳಿಯ ಕಿವಿಯನ್ನು ನೋಡಿ ಅವರು ನಕ್ಕರು, ಅದನ್ನು ಸಹಿಸಿಕೊಂಡೆ. ಮರುದಿನ, ಜನವರಿ 15ರಂದು, ಇಲ್ಲಿಯವರು ವಾಸೀ ಉತ್ತರಾಯಣವೆನ್ನುವ ದಿನ, ಸಂಜೆಯ ಚಹಾ ಕುಡಿಯುತ್ತ ಅವರು ಗಾಯಕವಾಡ ದೊರೆಗಳ ವಿಷಯವನ್ನು ಎತ್ತಿದರು. ವಡೋದರೆಯಲ್ಲಿ ಚೀತಾಗಳನ್ನೇ ಪಳಗಿಸಿ ಜಿಂಕೆಯ ಬೇಟೆಗೆ ಬಿಡುತ್ತಿದ್ದರು, ಓಟವೆಂದರೆ ಅದು, ನಿಮ್ಮ ನಾಯಿ ಎಷ್ಟು ಓಡೀತು ಎಂದರು. ಸೊಸಾಯಟಿಯ ಹಿಂದೆ ಮೂರು ಕಡೆ ಗೋಡೆಯಿರುವ ಒಂದು ಖಾಲಿ ನಿವೇಶನವಿದೆ. “ಬನ್ನಿ, ತೋರಿಸುತ್ತೇನೆ” ಎಂದೆ. ಹೆಂಡತಿ ಬೇಡವೆಂದಳು. ಮಗಳು ಬೇಡವೆಂದಳು. ನಾನು ಕೊರಳಪಟ್ಟಿಯಿಂದ ಹಗ್ಗವನ್ನು ಬಿಚ್ಚಿದೆ.

ಅದು ಓಡಿದ ಓಟವನ್ನು ಮರೆಯಲಾರೆ. ಈ ಜಾತಿಯ ನಾಯಿ ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲಿಯೂ ನಾಲ್ಕು ಕಾಲುಗಳು ಎರಡು ಸಲ ನೆಲವನ್ನು ಬಿಡುತ್ತವೆ. ಮೈ ಚಾಚಿದಾಗ ಒಮ್ಮೆ, ಕಾಲುಗಳು ಹೊಟ್ಟೆಯ ಕೆಳಗೆ ಕೂಡಿದಾಗ ಒಮ್ಮೆ. ಬೆನ್ನೆಲುಬು ಬಿಲ್ಲಿನಂತೆ ಬಾಗಿ ಬಿಚ್ಚುತ್ತದೆ. ಸುಮಾರು ಹದಿನೈದು ತಿಂಗಳು ಬೀದಿಯ ಕೊನೆಯಿಂದ ಬೀದಿಯ ಕೊನೆಗೆ, ನನ್ನ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ನಡೆದಿದ್ದ ಪ್ರಾಣಿ ಅದೇ ಎಂದು ನಂಬುವುದು ಕಷ್ಟವಾಯಿತು. ಷಡ್ಡಕರು ಕೈಯಲ್ಲಿದ್ದ ಬಟ್ಟಲನ್ನು ಮರೆತು ನಿಂತಿದ್ದರು. ನನ್ನ ಎದೆ ಉಬ್ಬಿತು. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ, ಗೋಡೆಯಿಲ್ಲದ ನಾಲ್ಕನೆಯ ಕಡೆಯಲ್ಲಿ, ಬಾ ಅವರ ಹಿತ್ತಲಿನಿಂದ ಬೂದುಬಣ್ಣದ ಬೆಕ್ಕು ಬಂದಿತು. ಪಟಾಕಿಯ ಸದ್ದಿಗೆ ಬೆದರಿ ಕಿಟಕಿಯಿಂದ ಇಳಿದಿತ್ತೆಂದು ತೋರುತ್ತದೆ. ಅದು ಕಾಳಿಯನ್ನು ಕಂಡು ಓಡಿತು. ಓಡದೆ ನಿಂತಿದ್ದರೆ ಏನಾಗುತ್ತಿತ್ತೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಕೂಗಿದೆ. ಮಗಳು ಕೂಗಿದಳು. ಕೂಗು ಮುಗಿಯುವುದರೊಳಗೆ ಎಲ್ಲವೂ ಮುಗಿದಿತ್ತು. ಕಾಳಿ ಬೆಕ್ಕನ್ನು ಕಚ್ಚಿಕೊಂಡು ನೇರವಾಗಿ ನನ್ನ ಬಳಿಗೆ ಬಂದು, ನನ್ನ ಕಾಲಿನ ಬಳಿ ಇಟ್ಟು, ಮುಖವನ್ನು ನೋಡಿ ಬಾಲವನ್ನು ಆಡಿಸಿತು. ಒಂದು ಚೆಂಡನ್ನೂ ತಂದುಕೊಡದಿದ್ದ ನಾಯಿ!

ನಾನು ಅದನ್ನು ಹೊಡೆದೆ. ಕೈಯಲ್ಲಿದ್ದ ಹಗ್ಗದಿಂದಲೇ ಹೊಡೆದೆ. ಅದು ಕೂಗಲಿಲ್ಲ, ಓಡಿಹೋಗಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿತು. ಮೂರನೆಯ ಏಟಿಗೆ ಮಗಳು ನನ್ನ ಕೈಯನ್ನು ಹಿಡಿದುಕೊಂಡಳು. “ಆತಕೂರಿನ ಕಾಳಿಗೆ ಕಲ್ಲು ನಿಲ್ಲಿಸಿದರಲ್ಲಾ ಅಪ್ಪಾ, ನಮ್ಮ ಕಾಳಿಗೆ ಏಕೆ ಹೊಡೆಯುತ್ತೀರಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಬಾ ಬಂದಿದ್ದರು. ಅವರು ಅಳಲಿಲ್ಲ, ಶಪಿಸಲಿಲ್ಲ. ಸೆರಗಿನಲ್ಲಿ ಬೆಕ್ಕನ್ನು ಎತ್ತಿಕೊಂಡರು. ನಾನು ಗುಜರಾತಿಯಲ್ಲಿ ಏನೋ ತೊದಲಿದೆ. ನಾಯಿಗೆ ಬುದ್ಧಿಯಿಲ್ಲ, ಕ್ಷಮಿಸಬೇಕು, ಎಂದು. ಅವರು ನನ್ನ ಕೈಯನ್ನು ನೋಡಿ, “ಕೂತರುಂ ತೋ ಕೂತರುಂ ಛೇ. ದೋರೀ ಕೋನಾ ಹಾಥಮಾಂ ಹತೀ?” ಎಂದರು. ನಾಯಿ ಹೇಗಿದ್ದರೂ ನಾಯಿ. ಹಗ್ಗ ಯಾರ ಕೈಯಲ್ಲಿತ್ತು? ಎರಡು ದಿನಗಳಿಂದ ತಾರಸಿ ತಾರಸಿಗಳ ಮೇಲೆ ‘ದೋರೀ, ದೋರೀ’ ಎಂಬ ಮಾತೇ ಕೇಳುತ್ತಿತ್ತು, ಗಾಳಿಪಟದ ದಾರಕ್ಕಾಗಿ. ಈಗಲೂ ಉತ್ತರಾಯಣ ಬಂದರೆ ಆ ಮಾತು ಕಿವಿಗೆ ಬಿದ್ದಾಗ ನಾನು ಕೆಳಗೆ ಇಳಿದು ಬರುತ್ತೇನೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಸೊಸಾಯಟಿಯ ಸಭೆ ಸೇರಿತು. ಇಂಥ ಪ್ರಾಣಿಯನ್ನು ಮಕ್ಕಳಿರುವ ಕಡೆ ಇಡಬಾರದೆಂದು ಕೆಲವರು ಹೇಳಿದರು. ಅವರ ಭಯ ಅಕಾರಣವಾದುದೆಂದು ಹೇಳಲಾರೆ. ಬೀದಿಯಲ್ಲಿ ಹಗ್ಗವಿಲ್ಲದೆ, ಬಾಯಿಪಟ್ಟಿಯಿಲ್ಲದೆ ತರಕೂಡದೆಂದು ತೀರ್ಮಾನವಾಯಿತು. ಬಾ ಸಭೆಗೆ ಬರಲಿಲ್ಲ. ಆ ರಾತ್ರಿ ಅಣ್ಣನಿಗೆ ಫೋನು ಮಾಡಿ, ನಾಯಿಯನ್ನು ಊರಿಗೆ ಕಳಿಸುತ್ತೇನೆಂದೆ. “ಕಳಿಸು, ಬ್ಯಾಡ ಅನ್ನಂಗಿಲ್ಲ” ಎಂದ. “ಆದ್ರ ಇಲ್ಲೇನ್ ಮಾಡತೈತಿ? ಮೊಲದ ಬೇಟಿ ಬಂದಾಗಿ ಐವತ್ತು ವರ್ಷಾತು. ನಾನೂ ಕಟ್ಟೇ ಹಾಕಬೇಕಲ್ಲ.” 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮಾತನ್ನು ಅವನು ತನ್ನ ರೀತಿಯಲ್ಲಿ ಹೇಳಿದ್ದ. ಯಾವ ಕೆಲಸಕ್ಕಾಗಿ ನೂರಾರು ವರ್ಷ ಆರಿಸಿ ಆರಿಸಿ ಈ ಪ್ರಾಣಿಯನ್ನು ರೂಪಿಸಿದರೋ ಆ ಕೆಲಸವು ಈಗ ಅದಕ್ಕೆ ಎಲ್ಲಿಯೂ ಇಲ್ಲ. ಅದು ನ್ಯಾಯವೇ, ಮೊಲಗಳೂ ಬದುಕಬೇಕು. ಆದರೆ ಕಾಲುಗಳಿಗೆ ಕಾಯಿದೆ ತಿಳಿಯುವುದಿಲ್ಲ.

ನಾಯಿಯನ್ನು ಕಳಿಸಲಿಲ್ಲ. ಪಶುವೈದ್ಯರ ಬಳಿಗೆ ಮತ್ತೆ ಹೋಗಿ, ಈ ಸಲ ಕಿವಿಗೊಟ್ಟು ಕೇಳಿದೆ. ಹೊಡೆದದ್ದರಿಂದ ಅದು ಕಲಿತದ್ದು, ನನ್ನ ಬಳಿಗೆ ಏನನ್ನೂ ತರಬಾರದೆಂಬುದನ್ನಷ್ಟೇ ಎಂದರು. ಬೆಕ್ಕುಗಳ ವಿಷಯದಲ್ಲಿ ಇದನ್ನು ಎಂದಿಗೂ ಬಿಚ್ಚಿ ನಂಬಬೇಡ. ಆದರೆ ವಾರಕ್ಕೆ ಎರಡು ಸಲವಾದರೂ, ಎಲ್ಲ ಕಡೆಯೂ ಮುಚ್ಚಿದ ಜಾಗದಲ್ಲಿ ಬಿಟ್ಟು ಓಡಿಸು. ಉಳಿದ ವೇಳೆಯಲ್ಲಿ ಉದ್ದವಾದ ಹಗ್ಗ ಹಿಡಿದು, ದೂರದಿಂದ ಪ್ರಾಣಿಗಳನ್ನು ತೋರಿಸುತ್ತ, ಸುಮ್ಮನೆ ಕುಳಿತಾಗ ತಿನಿಸು ಕೊಡು ಎಂದರು. ಭಾನುವಾರದ ಬೆಳಗ್ಗೆ ಯಾರೋ ನಮ್ಮ ಶಾಲೆಯ ಮೈದಾನದ ಬಾಗಿಲನ್ನು ಹಾಕಿಕೊಂಡು ಒಳಗೆ ನಾಯಿಯನ್ನು ಓಡಿಸುತ್ತಾರೆಂದು ನಿಮ್ಮಲ್ಲಿ ಕೆಲವರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಅದು ನಾನೇ. ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದಿದ್ದೇನೆ.

ಬಾ ನನ್ನೊಡನೆ ಮಾತಾಡಲಿಲ್ಲ. ಹೆಂಡತಿಯೊಡನೆ ಮಾತಾಡುತ್ತಿದ್ದರು, ಮಕ್ಕಳೊಡನೆ ಮಾತಾಡುತ್ತಿದ್ದರು. ನಾನು ಬಂದರೆ ಒಳಕ್ಕೆ ಹೋಗುತ್ತಿದ್ದರು. ಆದರೆ ಆ ಘಟನೆಯ ಮೂರನೆಯ ಸಂಜೆಯೇ ಗೋಡೆಯ ಮೇಲೆ ಅರ್ಧ ರೋಟಲೋ ಇತ್ತು. ‘ಧೋಳೀ’ ಎಂಬ ಕೂಗು ಇರಲಿಲ್ಲ, ರೊಟ್ಟಿ ಇತ್ತು. ಕಾಳಿ ಅದನ್ನು ತಿಂದು ಬಾಗಿಲ ಕಡೆ ನೋಡುತ್ತ ನಿಲ್ಲುತ್ತಿತ್ತು. ನಾನು ಹಗ್ಗದ ಈ ತುದಿಯಲ್ಲಿ ನಿಲ್ಲುತ್ತಿದ್ದೆ. ಫೆಬ್ರುವರಿ ಹೋಯಿತು, ಬೇಸಿಗೆ ಹೋಯಿತು. ಒಂದು ದಿನವೂ ರೊಟ್ಟಿ ತಪ್ಪಲಿಲ್ಲ. ಮಾತು ಒಂದು ದಿನವೂ ಬರಲಿಲ್ಲ.

ಜುಲೈ ತಿಂಗಳಲ್ಲಿ, ಮಳೆ ಹಿಡಿದ ಮೇಲೆ, ಬಾ ಅವರ ಮೊಮ್ಮಗ ಎಲ್ಲಿಂದಲೋ ಒಂದು ಬೆಕ್ಕಿನ ಮರಿಯನ್ನು ತಂದ. ಹಳದಿಯ ಬಣ್ಣದ್ದು, ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟಿತ್ತು. ಅದು ಹಳೆಯ ಬೆಕ್ಕಿನಂತೆ ಕಿಟಕಿಯಲ್ಲಿ ಕುಳಿತುಕೊಳ್ಳುವ ಸ್ವಭಾವದ್ದಲ್ಲ. ಒಂದು ಸಂಜೆ ನಾನು ಕಾಳಿಯನ್ನು ಬಾಯಿಪಟ್ಟಿ ಹಾಕಿ ಹೊರಕ್ಕೆ ತರುವುದಕ್ಕೂ ಅದು ಮೆಟ್ಟಿಲಿನಿಂದ ಇಳಿದು ಬೀದಿಗೆ ಬರುವುದಕ್ಕೂ ಸರಿಹೋಯಿತು. ನಡುವೆ ಇದ್ದದ್ದು ಹತ್ತು ಮಾರು. ಕಾಳಿಯ ಮೈ ಬಿಗಿಯಿತು. ಹಗ್ಗವೂ ಬಿಗಿಯಿತು. ಬಾ ಬಾಗಿಲಿನಲ್ಲಿ ನಿಂತಿದ್ದರು.

ಮರಿಗೆ ಓಡಬೇಕೆಂಬುದು ತಿಳಿದಿರಲಿಲ್ಲ. ಅದು ಬೆನ್ನನ್ನು ಕಮಾನಿನಂತೆ ಎತ್ತಿ, ಬಾಲವನ್ನು ಶೀಶೆಯ ಕುಂಚದಂತೆ ಉಬ್ಬಿಸಿಕೊಂಡು, ಬುಸ್ಸೆಂದು, ಎರಡು ಹೆಜ್ಜೆ ಮುಂದಕ್ಕೆ ಬಂದಿತು. ಕಾಳಿ ನಿಂತಿತು. ಮುಂದಕ್ಕೆ ಎಳೆಯುತ್ತಿದ್ದ ಹಗ್ಗ ಸಡಿಲವಾಯಿತು. ತಲೆಯನ್ನು ಓರೆ ಮಾಡಿ, ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ, ನಿಂತ ಚೆಂಡಿನ ಮುಂದೆ ನಿಲ್ಲುತ್ತಿದ್ದಂತೆಯೇ ನಿಂತು ನೋಡಿತು. ಓಡುವುದನ್ನು ಹಿಡಿಯುವುದಕ್ಕೆ ಅದಕ್ಕೆ ಕಣ್ಣುಂಟು, ಕಾಲುಂಟು. ಎದುರಿಗೆ ಬರುವುದನ್ನು ಏನು ಮಾಡಬೇಕೆಂಬುದು ಅದರ ತಂದೆಯ ಕಡೆಯಿಂದಲೂ ಬಂದಿರಲಿಲ್ಲ, ತಾಯಿಯ ಕಡೆಯಿಂದಲೂ ಬಂದಿರಲಿಲ್ಲ. ಸಾಬರಮತಿಯ ದಂಡೆಯ ಆ ಮೊಲ ನನಗೆ ನೆನಪಾಯಿತು. ತುಂಗಭದ್ರೆಯ ದಂಡೆಯದೂ ನೆನಪಾಯಿತು. ಕಥೆಯನ್ನು ಕಟ್ಟಿದವರು ಬೇಟೆನಾಯಿಯನ್ನು ಚೆನ್ನಾಗಿ ಕಂಡವರೇ ಇದ್ದಿರಬೇಕು.

“ದೋರೀ ಪಕಡೀ ಛೇ ನೇ?” ಎಂಬ ಧ್ವನಿ ಕೇಳಿಸಿತು. ಹಗ್ಗ ಹಿಡಿದಿದ್ದೀಯಷ್ಟೆ? ಆರು ತಿಂಗಳಲ್ಲಿ ಬಾ ನನ್ನೊಡನೆ ಆಡಿದ ಮೊದಲ ಮಾತು ಅದು.

“ಹಾ, ಬಾ” ಎಂದೆ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಅವರು ಮೆಟ್ಟಿಲಿಳಿದು ಬಂದು, ಇನ್ನೂ ಬುಸುಗುಟ್ಟುತ್ತಿದ್ದ ಮರಿಯನ್ನು ಕತ್ತಿನಲ್ಲಿ ಹಿಡಿದೆತ್ತಿಕೊಂಡು ಒಳಕ್ಕೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಮೇಲೆ ರೊಟ್ಟಿ ಇಡುವ ಸದ್ದಾಯಿತು.